ತೂಕ ಇಳಿಸುವ ಆಪರೇಷನ್ ಆದ ಮೇಲೆ ಮುದ್ದೆ ಯಾವಾಗ? ಮೈಸೂರು, ಮಂಡ್ಯ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಡಯಟೀಷಿಯನ್. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳುವವರು ಮೊದಲೂ ಬರುತ್ತಾರೆ, ಆಮೇಲೂ ಬರುತ್ತಾರೆ. ಮಂಡ್ಯ, ಪಾಂಡವಪುರ, ಕೆ.ಆರ್. ಪೇಟೆ, ನಂಜನಗೂಡು ಕಡೆಯವರೇ ಜಾಸ್ತಿ. ಸರ್ಜನ್ ಮುಂದೆ ಕೇಳಲು ಮುಜುಗರವಾಗಿ ಉಳಿದ ಪ್ರಶ್ನೆಗಳೆಲ್ಲ ನನ್ನ ಟೇಬಲ್ಲಿಗೆ ಬರುತ್ತವೆ. ಅವನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಡಾಕ್ಟರ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತನ್ನೇ ಕೇಳಿ. ನಿಮ್ಮ ಹೊಟ್ಟೆಯನ್ನು ಒಳಗಿನಿಂದ ನೋಡಿರುವವರು ಅವರು.

ಬೈಪಾಸ್ ಅಂದರೆ ಹಾರ್ಟಿಗೆ ಮಾಡೋದಲ್ವಾ?

ಹೆಸರು ಒಂದೇ, ಜಾಗ ಬೇರೆ. ಇದರಿಂದ ಎಷ್ಟೋ ಮನೆಗಳಲ್ಲಿ ಅಜ್ಜಿಯಂದಿರು ಸುಮ್ನೆ ಹೆದರಿದ್ದಾರೆ. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಊಟ ಉಳಿದ ಜಠರವನ್ನೂ ಕರುಳಿನ ಒಂದಷ್ಟು ಭಾಗವನ್ನೂ ಮುಟ್ಟದೆ ಮುಂದೆ ಹೋಗುತ್ತದೆ. ತೂಕ ಇಳಿಸಲು ಮಾಡುವ ಇನ್ನೊಂದು ಆಪರೇಷನ್ ಸ್ಲೀವ್. ಅದರಲ್ಲಿ ಕರುಳಿನ ತಂಟೆಗೆ ಹೋಗುವುದಿಲ್ಲ. ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚು ಕತ್ತರಿಸಿ ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆ ಉಳಿಸುತ್ತಾರೆ. ತೆಗೆದ ಭಾಗದಲ್ಲಿ ಹಸಿವಿನ ಹಾರ್ಮೋನು ತಯಾರಾಗುವ ಜಾಗವೂ ಇರುವುದರಿಂದ ಮೊದಲ ಕೆಲವು ತಿಂಗಳು ಹಸಿವೇ ಆಗದವರಿದ್ದಾರೆ.

ಎದೆಯುರಿ ತುಂಬಾ ಇರುವವರಿಗೆ ಸ್ಲೀವ್ ಆದ ಮೇಲೆ ಅದು ಇನ್ನೂ ಹೆಚ್ಚಬಹುದು. ನಿಮಗೆ ಆ ತೊಂದರೆ ಇದ್ದರೆ ಮೊದಲೇ ಹೇಳಿ. "ಗ್ಯಾಸ್ಟ್ರಿಕ್ ಎಲ್ಲರಿಗೂ ಇರುತ್ತೆ ಬಿಡಿ" ಅಂತ ಮುಚ್ಚಿಡಬೇಡಿ.

ಇನ್ಶೂರೆನ್ಸ್ ಸಿಗುತ್ತಾ?

ಹಲವು ಪಾಲಿಸಿಗಳಲ್ಲಿ ಸಿಗುತ್ತದೆ, ಆದರೆ ಷರತ್ತುಗಳಿವೆ. ವಯಸ್ಸು 18 ದಾಟಿರಬೇಕು, ಡಾಕ್ಟರ್ ಸಲಹೆ ಇರಬೇಕು, ಬೇರೆ ದಾರಿಯಲ್ಲಿ ತೂಕ ಇಳಿಸಲು ನೋಡಿ ಆಗದೆ ಹೋಗಿರಬೇಕು. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) ಕನಿಷ್ಠ 40 ಇರಬೇಕು. ಹಿಡಿತಕ್ಕೆ ಬಾರದ ಶುಗರ್, ಹೃದಯದ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ಜೋರು ತೊಂದರೆ ಇಂಥದ್ದು ಇದ್ದರೆ 35 ಸಾಕು. 165 ಸೆಂ.ಮೀ. ಎತ್ತರದವರಿಗೆ 35 ಅಂದರೆ ಸುಮಾರು 95 ಕೆ.ಜಿ., 40 ಅಂದರೆ ಸುಮಾರು 109 ಕೆ.ಜಿ.

ಡಾಕ್ಟರುಗಳ ಲೆಕ್ಕ ಇದಕ್ಕಿಂತ ಸಡಿಲ. 2022ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಏಷ್ಯಾದವರಿಗೆ 27.5ರಿಂದಲೇ ಈ ಆಪರೇಷನ್ ಬಗ್ಗೆ ಯೋಚಿಸಬಹುದು ಎನ್ನುತ್ತದೆ. ಹಾಗಾಗಿ ಡಾಕ್ಟರ್ ಒಪ್ಪಿಯೂ ಇನ್ಶೂರೆನ್ಸ್ ಕಂಪನಿ ಒಪ್ಪದಿರಬಹುದು. ದಿನಾಂಕ ಗೊತ್ತು ಮಾಡುವ ಮುಂಚೆ ಪಾಲಿಸಿ ಕಾಗದ ಓದಿಸಿ. ವೇಟಿಂಗ್ ಪೀರಿಯಡ್ ಎಷ್ಟು, ಅಂದರೆ ಪಾಲಿಸಿ ಮಾಡಿಸಿ ಎಷ್ಟು ಕಾಲ ಆದ ಮೇಲೆ ಇದಕ್ಕೆ ದುಡ್ಡು ಸಿಗುತ್ತದೆ ಅಂತಲೂ ನೋಡಿ.

ಆಪರೇಷನ್‌ಗೆ ಮುಂಚೆ ಎರಡು ವಾರ ಪಥ್ಯ ಯಾಕೆ? ಹೇಗೂ ಆಮೇಲೆ ತಿನ್ನೋಕಾಗಲ್ಲ, ಈಗಲಾದರೂ ತಿನ್ನಬಾರದಾ?

ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ಮುಂಚಿನ ವಾರ ಬಿರಿಯಾನಿ, ಮೈಸೂರು ಪಾಕು, ಮಸಾಲೆ ದೋಸೆ ಅಂತ ಪಟ್ಟಿ ಹಾಕಿಕೊಂಡು "ಕೊನೇ ಸಲ" ತಿಂದು ಮುಗಿಸುವವರಿದ್ದಾರೆ. ತೂಕ ಜಾಸ್ತಿ ಇರುವವರ ಲಿವರ್ ಕೊಬ್ಬು ತುಂಬಿ ದಪ್ಪಗಾಗಿರುತ್ತದೆ. ಅದು ಜಠರದ ಮೇಲೆಯೇ ಕೂತಿರುವುದು. ಎರಡು ವಾರ ಹಿಟ್ಟು, ಸಕ್ಕರೆ, ಎಣ್ಣೆ ಕಮ್ಮಿ ಮಾಡಿದರೆ ಲಿವರ್ ಕುಗ್ಗುತ್ತದೆ, ಸರ್ಜನ್‌ಗೆ ಕೆಲಸ ಮಾಡಲು ಜಾಗ ಸಿಗುತ್ತದೆ. ಅಷ್ಟೇ ವಿಷಯ.

ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ ಈ ಪಥ್ಯವನ್ನು ನಿಮ್ಮಷ್ಟಕ್ಕೆ ಶುರು ಮಾಡಬೇಡಿ. ಊಟ ಕಮ್ಮಿಯಾಗಿ ಮಾತ್ರೆ ಅಷ್ಟೇ ಇದ್ದರೆ ಶುಗರ್ ಕುಸಿಯುತ್ತದೆ.

ಮನೆಗೆ ಬಂದ ಮೊದಲ ದಿನಗಳಲ್ಲಿ ಏನು ಕೊಡಬೇಕು?

ನೀರಿನಂಥದ್ದು, ಗುಟುಕು ಗುಟುಕಾಗಿ. ಕೆಮ್ಮಿನ ಔಷಧಿ ಬಾಟಲಿಗೆ ಬರುವ ಸಣ್ಣ ಮುಚ್ಚಳ ಇದೆಯಲ್ಲ, ಮೊದಲ ದಿನಗಳಲ್ಲಿ ಅದೇ ನಿಮ್ಮ ಲೋಟ. ಎದ್ದಿರುವಷ್ಟು ಹೊತ್ತೂ ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರಬೇಕು, ದಿನಕ್ಕೆ ಒಂದೂವರೆ ಲೀಟರಿಗೆ ಮುಟ್ಟಿಸಬೇಕು. ಕೆಲಸ ಸಣ್ಣದು ಅನ್ನಿಸುತ್ತದೆ, ಆದರೆ ಬೇಸರದ ಕೆಲಸ. ಮನೆಯವರು ಗಡಿಯಾರ ನೋಡಿಕೊಂಡು ನೆನಪಿಸಬೇಕು.

ಆಮೇಲೆ ಸುಮಾರು ಎರಡು ವಾರ ಹಾಲು, ನೀರು ಮಜ್ಜಿಗೆ, ಸೋಸಿದ ತೆಳು ರಾಗಿ ಗಂಜಿ, ಸೋಸಿದ ಬೇಳೆ ಸಾರು. ಖಾರ ಬೇಡ. ನಂತರ ರುಬ್ಬಿದ್ದು, ಆಮೇಲೆ ಬೆರಳಲ್ಲಿ ಒತ್ತಿದರೆ ಕರಗುವಷ್ಟು ಮೆತ್ತಗಿನದು. ಆರರಿಂದ ಎಂಟು ವಾರದ ಹೊತ್ತಿಗೆ ಮನೆ ಊಟದ ಹತ್ತಿರ ಬರುತ್ತೀರಿ. ವಾರದ ಲೆಕ್ಕ ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ಬದಲಾಗುತ್ತದೆ.

ಎಳನೀರು ಕುಡಿಯಬಹುದಾ ಅಂತ ಮದ್ದೂರಿನವರು ಕೇಳದೆ ಇರುವುದಿಲ್ಲ. ಕುಡಿಯಬಹುದು, ಸಣ್ಣ ಲೋಟದಲ್ಲಿ, ನಿಧಾನವಾಗಿ. ಕಿಡ್ನಿ ತೊಂದರೆ ಇರುವವರು ಕೇಳಿ ಕುಡಿಯಿರಿ.

ಮುದ್ದೆ ಯಾವಾಗ ಉಣ್ಣಬಹುದು?

ಇದೇ ಅಸಲಿ ಪ್ರಶ್ನೆ. ಮೊದಲ ಭೇಟಿಯಲ್ಲಿ ಎದ್ದು ಹೊರಡುವಾಗ, ಬಾಗಿಲ ಹತ್ತಿರ ನಿಂತು ಕೇಳುತ್ತಾರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಬಳಿ ಒಂದು ಅಚ್ಚು ಹಾಕಿಸಿದ ಡಯಟ್ ಚಾರ್ಟ್ ಇತ್ತು. ಅದರಲ್ಲಿ ಓಟ್ಸ್, ಬ್ರೊಕೊಲಿ, ಆವಕಾಡೊ ಎಲ್ಲ ಇದ್ದವು. ಪಾಂಡವಪುರದ ಕಡೆಯ ಒಬ್ಬರು ಅಮ್ಮನಿಗೆ ಅದನ್ನೇ ಕೊಟ್ಟೆ. ಅವರು ಗೌರವದಿಂದ ಮಡಚಿ ಬ್ಯಾಗಿಗೆ ಹಾಕಿಕೊಂಡರು. ಆಪರೇಷನ್ ಆದ ಇಪ್ಪತ್ತನೇ ದಿನ ಅವರ ಅತ್ತೆ, ಸೊಸೆ ಸೊರಗಿ ಹೋದಳಲ್ಲ ಅಂತ ಮರುಕಪಟ್ಟು ಅರ್ಧ ಮುದ್ದೆ, ಬಸ್ಸಾರು ಬಡಿಸಿದರು. ಎರಡನೇ ತುತ್ತು ಸಿಕ್ಕಿಹಾಕಿಕೊಂಡಿತು. ರಾತ್ರಿಯಿಡೀ ವಾಂತಿ, ಬೆಳಗ್ಗೆ ಆಸ್ಪತ್ರೆ. ಅತ್ತೆಯ ತಪ್ಪೇನೂ ಇರಲಿಲ್ಲ. ಮುದ್ದೆ ಎಂಬ ಪದವೇ ಇಲ್ಲದ ಚಾರ್ಟನ್ನು ಮಂಡ್ಯ ಜಿಲ್ಲೆಯವರ ಕೈಗೆ ಕೊಟ್ಟವಳು ನಾನು.

ತೊಂದರೆ ರಾಗಿಯದಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿ ಗೋಧಿ ಹತ್ತಿರಕ್ಕೂ ಬರುವುದಿಲ್ಲ. ತೊಂದರೆ ಇರುವುದು ಉಣ್ಣುವ ರೀತಿಯಲ್ಲಿ. ಆಪರೇಷನ್ ಆದವರು ಪ್ರತಿ ತುತ್ತನ್ನೂ ಇಪ್ಪತ್ತು ಮೂವತ್ತು ಸಲ ಅಗಿಯಬೇಕು. ಮುದ್ದೆಯನ್ನು ನಾವು ಅಗಿಯುವುದೇ ಇಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಅಗಿದರೆ ಹಲ್ಲಿಗೆ ಅಂಟುತ್ತದೆ, ಮನೆಯವರು ನಗುತ್ತಾರೆ. ಹುಟ್ಟಿದಾಗಿನಿಂದ ಕಲಿತ ಗಂಟಲಿಗೆ "ನುಂಗಬೇಡ" ಅಂತ ಹೇಳಿಕೊಡುವುದು ಸುಲಭವಲ್ಲ. ಅಂಟಂಟಾದ ಉಂಡೆ ಬೆರಳು ಗಾತ್ರದ ಕೊಳವೆಯಲ್ಲಿ ನಿಂತುಬಿಡುತ್ತದೆ. ಮೆತ್ತಗಿನ ಅನ್ನ, ಬ್ರೆಡ್ಡು ಕೂಡ ಹೀಗೇ.

ಹಾಗಾಗಿ ನಾನು ಹೇಳುವುದು ಇಷ್ಟು. ಗಂಜಿ ಮೊದಲ ತಿಂಗಳಲ್ಲೇ ಶುರುವಾಗುತ್ತದೆ, ರಾಗಿಯ ರುಚಿ ಬಿಟ್ಟುಹೋಗುವುದಿಲ್ಲ. ಅಂಬಲಿ ಆಮೇಲೆ. ಮೂರು ತಿಂಗಳ ಮುಂಚೆ ಮುದ್ದೆ ಬೇಡ. ಶುರು ಮಾಡುವಾಗ ನಿಂಬೆಹಣ್ಣಿನ ಗಾತ್ರ, ನೀರು ಜಾಸ್ತಿ ಹಾಕಿ ತಿರುವಿದ್ದು, ತಟ್ಟೆಯಲ್ಲೇ ದಪ್ಪ ಸಾರಿನ ಜೊತೆ ಕಿವುಚಿ, ಚಮಚದಲ್ಲಿ. ಹೌದು, ಚಮಚದಲ್ಲಿ. ಅವಮಾನ ಅನ್ನಿಸಿದರೂ ಅದೇ ದಾರಿ. ಅದೂ ಕಾಳೋ ಮೊಟ್ಟೆಯೋ ತಿಂದು ಜಾಗ ಉಳಿದಿದ್ದರೆ ಮಾತ್ರ.

ಪ್ರೋಟೀನ್ ಪ್ರೋಟೀನ್ ಅಂತೀರಿ. ನಮ್ಮ ಊಟದಲ್ಲಿ ಇಲ್ವಾ?

ಇದೆ, ಆದರೆ ನಾವು ಅಂದುಕೊಂಡ ಜಾಗದಲ್ಲಿಲ್ಲ. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಹುರುಳಿ ಕಟ್ಟಿನ ಸಾರು, ಕಾಲು ಸೂಪು ಎರಡಕ್ಕೂ ನಮ್ಮಲ್ಲಿ ಬಹಳ ಮರ್ಯಾದೆ. ಆದರೆ ಕಟ್ಟಿಗೆ ಬರುವುದು ರುಚಿ, ಪ್ರೋಟೀನು ಕಾಳಿನಲ್ಲೇ ಉಳಿಯುತ್ತದೆ. ಕಾಳು ಎಮ್ಮೆಗೆ, ಕಟ್ಟು ಪೇಷೆಂಟಿಗೆ ಆದರೆ ಎಮ್ಮೆಗೇ ಲಾಭ. ರುಬ್ಬಿ ತಿನ್ನುವ ವಾರ ಬಂದ ಮೇಲೆ ಕಾಳನ್ನು ನುಣ್ಣಗೆ ಅರೆದು ಸಾರಿಗೆ ಸೇರಿಸಿ. ಅವರೆಕಾಯಿ ಕಾಲ ಆಗಿದ್ದರೆ ಹಿತಕಿದ ಬೇಳೆ ಇನ್ನೂ ಒಳ್ಳೆಯದು, ಸಿಪ್ಪೆ ಹೋಗಿರುತ್ತದೆ.

ಲೆಕ್ಕ ಹೇಗೆ ಅಂದರೆ, ಎರಡು ಮೊಟ್ಟೆ 12 ಗ್ರಾಂ, ಅರ್ಧ ಲೀಟರ್ ಹಾಲು 16 ಗ್ರಾಂ, 50 ಗ್ರಾಂ ಪನೀರ್ 9 ಗ್ರಾಂ, ಒಂದು ಬಟ್ಟಲು ಗಟ್ಟಿ ಬೇಳೆ ಆರೇಳು ಗ್ರಾಂ. ಇಷ್ಟು ತಿಂದರೂ 45ರ ಹತ್ತಿರ ನಿಲ್ಲುತ್ತದೆ. ಮೊದಲ ತಿಂಗಳುಗಳಲ್ಲಿ ಇಷ್ಟು ತಿನ್ನುವುದೇ ಕಷ್ಟ. ಅದಕ್ಕೇ ಪ್ರೋಟೀನ್ ಪುಡಿ. ಮಾಂಸ ತಿನ್ನುವವರಿಗೆ ಆಮೇಲೆ ಮೀನು, ಮೆತ್ತಗೆ ಬೇಯಿಸಿದ ಕೋಳಿ ಸುಲಭ. ನಾಟಿ ಕೋಳಿ ನಾರು ಜಾಸ್ತಿ, ಅದನ್ನು ಮೊದಲ ಸಾಲಿಗೆ ತರಬೇಡಿ.

ಊಟದ ಕೊನೆಗೆ ಮಜ್ಜಿಗೆ ಕುಡಿಯದಿದ್ದರೆ ಊಟ ಆದ ಹಾಗೇ ಇರಲ್ಲ…

ಗೊತ್ತು. ಆದರೂ ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಊಟದ ಜೊತೆ ಕುಡಿದರೆ ಚೀಲ ಬೇಗ ತುಂಬಿ ವಾಂತಿ ಬರಬಹುದು. ಇಲ್ಲವೇ ಊಟ ಬೇಗ ಜಾರಿಹೋಗಿ ಮತ್ತೆ ಹಸಿವಾಗುತ್ತದೆ.

ಸಕ್ಕರೆ ಬಿಟ್ಟಿದ್ದೇನೆ. ಬೆಲ್ಲ ತಿನ್ನಬಹುದಲ್ವಾ? ನಮ್ಮ ಆಲೆಮನೆಯದೇ.

ನಿಮ್ಮ ಆಲೆಮನೆಯದಾದರೂ ಕರುಳಿಗೆ ಅದು ಸಕ್ಕರೆಯೇ. ಕಬ್ಬಿನ ಹಾಲಂತೂ ಇನ್ನೂ ಕಷ್ಟ, ನೀರಾಗಿರುವುದರಿಂದ ನಿಲ್ಲದೆ ಕೆಳಗಿಳಿಯುತ್ತದೆ. ಬೈಪಾಸ್ ಆದವರಲ್ಲಿ ಸಿಹಿ ಒಂದೇ ಸಲ ಕರುಳಿಗೆ ಸುರಿದರೆ ಹತ್ತು ನಿಮಿಷದಿಂದ ಅರ್ಧ ಗಂಟೆಯೊಳಗೆ ಎದೆ ಡವಡವ, ಬೆವರು, ಹೊಟ್ಟೆ ಕಿವುಚುವುದು, ಭೇದಿ ಎಲ್ಲ ಒಟ್ಟಿಗೆ ಬರುತ್ತವೆ. ಡಂಪಿಂಗ್ ಅನ್ನುತ್ತಾರೆ. ಇನ್ನು ಕೆಲವರಿಗೆ ಒಂದರಿಂದ ಮೂರು ಗಂಟೆ ಬಿಟ್ಟು ಶುಗರ್ ಕುಸಿದು ಕಣ್ಣು ಕತ್ತಲೆ ಬರುತ್ತದೆ. ಮಂಡ್ಯದಲ್ಲಿದ್ದುಕೊಂಡು ಬೆಲ್ಲ ಬಿಡಿ ಅನ್ನಲು ನನಗೂ ಸಂಕಟವೇ.

ವಿಟಮಿನ್ ಮಾತ್ರೆ ಎಷ್ಟು ದಿನ?

ಬದುಕಿರುವ ತನಕ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಜೊತೆಗೆ ಮಲ್ಟಿವಿಟಮಿನ್. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಬಿಡಿ. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆಗಂತೂ ಬೇಡವೇ ಬೇಡ. ಚೆನ್ನಾಗಿದ್ದೀನಲ್ಲ ಅಂತ ಎರಡನೇ ವರ್ಷ ಮಾತ್ರೆ ಬಿಡುವವರು ಬಹಳ. ಬಿ12 ಕೊರತೆ ಸದ್ದಿಲ್ಲದೆ ಬರುತ್ತದೆ, ಕಾಲು ಜೋಮು ಹಿಡಿಯುವ ಹೊತ್ತಿಗೆ ನರಕ್ಕೆ ಪೆಟ್ಟಾಗಿರುತ್ತದೆ. ಮೊದಲ ವರ್ಷ ಡಾಕ್ಟರ್ ಹೇಳಿದಷ್ಟು ಸಲ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ತಪ್ಪಿಸಬೇಡಿ.

ಶುಗರ್ ವಾಸಿಯಾಗುತ್ತಾ?

ಎಷ್ಟೋ ಜನರಿಗೆ ಮಾತ್ರೆ ಇಲ್ಲದೆಯೇ ಶುಗರ್ ಹಿಡಿತಕ್ಕೆ ಬರುತ್ತದೆ, ಕೆಲವರಿಗೆ ತೂಕ ಇಳಿಯುವ ಮುಂಚೆಯೇ. ಇತ್ತೀಚೆಗೆ ಶುಗರ್ ಬಂದವರಿಗೆ ಈ ಸಾಧ್ಯತೆ ಜಾಸ್ತಿ, ಹತ್ತು ಹದಿನೈದು ವರ್ಷದಿಂದ ಇನ್ಸುಲಿನ್ ಮೇಲೆ ಇರುವವರಿಗೆ ಕಮ್ಮಿ. ವರ್ಷಗಳ ನಂತರ ಮರಳಿ ಬರುವುದೂ ಉಂಟು, ಅದಕ್ಕೆ "ವಾಸಿ" ಎಂಬ ಪದ ನಾನು ಬಳಸುವುದಿಲ್ಲ. ಡಾಕ್ಟರನ್ನು ಕೇಳದೆ ಹಳೆಯ ಡೋಸನ್ನೇ ಮುಂದುವರಿಸಬೇಡಿ. ಬಿಪಿ ಮಾತ್ರೆಗೂ ಇದೇ ಮಾತು.

ಕೂದಲು ಉದುರುತ್ತಿದೆ!

ಮೂರನೇ ತಿಂಗಳ ಸುಮಾರಿಗೆ ಉದುರುವುದು ಸಾಮಾನ್ಯ. ದೇಹಕ್ಕೆ ಆದ ಆಘಾತಕ್ಕೆ ಕೂದಲು ಹೀಗೆ ತಡವಾಗಿ ಉತ್ತರ ಕೊಡುತ್ತದೆ. ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ. ಎಣ್ಣೆ ಬದಲಾಯಿಸಿ ದುಡ್ಡು ಕಳೆಯಬೇಡಿ, ಪ್ರೋಟೀನು ಮತ್ತು ಕಬ್ಬಿಣ ಸರಿಯಾಗಿದೆಯಾ ನೋಡಿ.

ಹೊಲ, ಹಸು ಯಾರು ನೋಡ್ಕೊಳ್ಳೋದು?

ಆಪರೇಷನ್ ದಿನಾಂಕ ಗೊತ್ತು ಮಾಡುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು. ನಾಲ್ಕರಿಂದ ಆರು ವಾರ ಐದು ಕೆ.ಜಿ.ಗಿಂತ ಭಾರ ಎತ್ತುವಂತಿಲ್ಲ. ತುಂಬಿದ ಬಿಂದಿಗೆ, ಹಾಲಿನ ಕ್ಯಾನು, ಹುಲ್ಲಿನ ಹೊರೆ, ಮೊಮ್ಮಗು ಎಲ್ಲ ಅದಕ್ಕಿಂತ ಭಾರವೇ. ಕಬ್ಬು ಕಡಿಯುವ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಡೈರಿಗೆ ಹಾಲು ಹಾಕುವವರು ಯಾರು ಅಂತ ಮೊದಲೇ ಮಾತಾಡಿ.

ನಡೆಯುವುದು ಮಾತ್ರ ಆಪರೇಷನ್ ಆದ ದಿನದಿಂದಲೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ. ಮನೆಗೆ ಬಂದ ಮೇಲೆ ಕುಕ್ಕರಹಳ್ಳಿ ಕೆರೆ ದಂಡೆಯೋ, ಊರಿನ ನಾಲೆ ಏರಿಯೋ, ಸಮತಟ್ಟಾದ ದಾರಿ ಸಾಕು. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಹರಕೆ ಇದ್ದರೆ ಮುಂದಿನ ವರ್ಷಕ್ಕೆ ಹಾಕಿ, ತಾಯಿ ಕಾಯುತ್ತಾಳೆ.

ಬೀಗರೂಟಕ್ಕೆ ಹೋಗದೆ ಇರೋಕಾಗುತ್ತಾ?

ಹೋಗಿ. ಮುಂಚೆಯೇ ಮನೆಯಲ್ಲಿ ಸ್ವಲ್ಪ ತಿಂದು ಹೋಗಿ. ಎಲೆ ಮುಂದೆ ಕೂತರೆ ಬಡಿಸುವವರ ಕೈ ನಿಲ್ಲಿಸುವುದು ನಮ್ಮ ಕಡೆ ಯಾರಿಂದಲೂ ಆಗಿಲ್ಲ. ಮಕ್ಕಳ ಎಲೆ ಪಕ್ಕದಲ್ಲಿ ಕೂತು ಒಂದು ತಟ್ಟೆಯಲ್ಲಿ ಎರಡು ಮೆತ್ತಗಿನ ತುಂಡು ಹಾಕಿಸಿಕೊಳ್ಳಿ. ಅಥವಾ ಬಡಿಸುವವರ ಕಡೆಗೇ ಸೇರಿಕೊಳ್ಳಿ, ಪಾತ್ರೆ ಭಾರ ಇಲ್ಲದಿದ್ದರೆ. ಬಡಿಸುವವರನ್ನು ಯಾರೂ "ಉಂಡ್ಯಾ?" ಅಂತ ಕೇಳುವುದಿಲ್ಲ.

ಎಣ್ಣೆ, ಬೀಡಿ, ಹೊಗೆಸೊಪ್ಪು?

ಹೊಗೆಸೊಪ್ಪು ಯಾವ ರೂಪದಲ್ಲೂ ಬೇಡ, ಎಲೆ ಅಡಿಕೆಯ ಜೊತೆಗಿನ ಚಿಟಿಕೆಯೂ ಸೇರಿ. ಆಪರೇಷನ್‌ಗೆ ಆರು ವಾರ ಮುಂಚೆಯೇ ನಿಲ್ಲಿಸಿ. ಎಣ್ಣೆ ಈಗ ಬೇಗ ಏರುತ್ತದೆ, ಹಳೆಯ ಲೆಕ್ಕದಲ್ಲಿ ಕುಡಿದು ಗಾಡಿ ಹತ್ತಿದರೆ ಅಪಾಯ. ಹಾಗೆಯೇ ಮಂಡಿನೋವಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ಬೈಪಾಸ್ ಆದವರಿಗೆ ಹುಣ್ಣು ತರುತ್ತವೆ. ಪ್ಯಾರಸಿಟಮಾಲ್ ಆಗುತ್ತದೆ.

ಮಕ್ಕಳಾಗಲಿ ಅಂತಲೇ ಮಾಡಿಸ್ತಿದೀವಿ. ಯಾವಾಗ?

ಹನ್ನೆರಡರಿಂದ ಹದಿನೆಂಟು ತಿಂಗಳು ಬಿಡಿ. ತೂಕ ಬೇಗ ಇಳಿಯುತ್ತಿರುವಾಗ ಮಗುವಿಗೆ ಬೇಕಾದದ್ದು ಸಿಗುವುದಿಲ್ಲ. ಆದರೆ ಪಿಸಿಓಡಿ ಇದ್ದವರಿಗೆ ಮುಟ್ಟು ಸರಿಹೋಗಿ ಗರ್ಭ ಬೇಗ ನಿಲ್ಲಬಹುದು. ಬೈಪಾಸ್ ಆದ ಮೇಲೆ ಗರ್ಭ ತಡೆಯುವ ಮಾತ್ರೆಯನ್ನು ನಂಬಿ ಕೂರಬೇಡಿ, ಕಾಪರ್ ಟಿ ಬಗ್ಗೆ ಕೇಳಿ. ಗರ್ಭಿಣಿಯಾದ ಮೇಲೆ ಗ್ಲೂಕೋಸ್ ನೀರು ಕುಡಿಸಿ ಶುಗರ್ ಪರೀಕ್ಷೆ ಮಾಡುತ್ತಾರಲ್ಲ, ಅದಕ್ಕೆ ಮುಂಚೆ ಆಪರೇಷನ್ ಆಗಿರುವುದನ್ನು ಹೇಳಿ.

ಯಾವಾಗ ತಕ್ಷಣ ಆಸ್ಪತ್ರೆಗೆ ಓಡಬೇಕು?

ಸುಮ್ಮನೆ ಕೂತಿದ್ದರೂ ನಾಡಿ 120 ದಾಟಿದರೆ, ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು, ಉಸಿರಾಟದ ತೊಂದರೆ, ಒಂದೇ ಕಾಲು ಊದಿ ನೋವು, ಕಪ್ಪು ಮಲ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ.

ಇನ್ನೊಂದು ವಿಷಯ ಊರಲ್ಲಿರುವವರು ಬರೆದಿಟ್ಟುಕೊಳ್ಳಿ. ಎರಡು ಮೂರು ದಿನ ವಾಂತಿ ನಿಲ್ಲದಿದ್ದರೆ ಬಿ1 ವಿಟಮಿನ್ ಕಮ್ಮಿಯಾಗಿಬಿಡಬಹುದು. ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲ ಅದರ ಗುರುತು. ಆಗ ಬಿ1 ಕೊಡದೆ ಬರೀ ಗ್ಲೂಕೋಸ್ ಡ್ರಿಪ್ಸ್ ಹಾಕಿದರೆ ತೊಂದರೆ ಹೆಚ್ಚಬಹುದು. ಹತ್ತಿರದ ಕ್ಲಿನಿಕ್‌ಗೆ ಹೋದರೂ ಆಪರೇಷನ್ ಚೀಟಿ ತೋರಿಸಿ, "ಬಿ1 ಕೊಡಿ" ಅಂತ ಬಾಯಿಬಿಟ್ಟು ಕೇಳಿ. ಚೀಟಿಯ ಫೋಟೋ ಮನೆಯ ಎಲ್ಲರ ಮೊಬೈಲಿನಲ್ಲೂ ಇರಲಿ.

ಜನ "ಏನು ಕಾಯಿಲೆ?" ಅಂತಾರೆ. ಏನು ಹೇಳಲಿ?

ನಮ್ಮಲ್ಲಿ ಸಣ್ಣಗಾದರೆ ಮರುಕ, ದಪ್ಪಗಾದರೆ ಟೀಕೆ. ಮುಖ ಇಳಿದಿದೆ, ಚರ್ಮ ಜೋತಿದೆ ಅಂತ ಮದುವೆ ಮನೆಯಲ್ಲೇ ಹೇಳುತ್ತಾರೆ. ಯಾರಿಗೆ ಎಷ್ಟು ಹೇಳಬೇಕು ಅಂತ ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡರೆ ಒಬ್ಬರು "ಡಯಟ್" ಅಂದು ಇನ್ನೊಬ್ಬರು "ಆಪರೇಷನ್" ಅನ್ನುವ ಪೇಚು ತಪ್ಪುತ್ತದೆ. ಊಟವೇ ನಿಮ್ಮ ಸಂಗಾತಿಯಾಗಿತ್ತು ಅನ್ನುವುದಾದರೆ, ಅದು ಹೋದ ಮೇಲೆ ಮನಸ್ಸು ಖಾಲಿಯಾಗುತ್ತದೆ. ಎರಡು ವಾರ ಮೀರಿ ಹಾಗೇ ಇದ್ದರೆ ಮನೋವೈದ್ಯರನ್ನು ಕಾಣಿ, ಅದೂ ಈ ಚಿಕಿತ್ಸೆಯ ಭಾಗವೇ.

ತೂಕ ಮತ್ತೆ ಬರುತ್ತಾ?

ಬರಬಹುದು. ಮೊದಲ ವರ್ಷ ಒಂದೂವರೆ ವರ್ಷದಲ್ಲಿ ಇರುವ ತೂಕದ ಕಾಲು ಭಾಗ, ಬೈಪಾಸ್ ಆದರೆ ಇನ್ನೂ ಸ್ವಲ್ಪ ಜಾಸ್ತಿ ಇಳಿಯುವುದು ಸಾಮಾನ್ಯ. ನಡುನಡುವೆ ಕೆಲವು ವಾರ ಮುಳ್ಳು ಅಲ್ಲಾಡುವುದೇ ಇಲ್ಲ, ಅದಕ್ಕೆ ಹೆದರಬೇಡಿ. ಎರಡನೇ ವರ್ಷದಿಂದ ಹಸಿವು ವಾಪಸ್ಸು ಬರುತ್ತದೆ. ಆಗ ತೂಕ ಏರಿಸುವುದು ದೊಡ್ಡ ಊಟವಲ್ಲ, ಟಿವಿ ಮುಂದಿನ ನಿಪ್ಪಟ್ಟು, ಟ್ರೈನಿನ ಮದ್ದೂರು ವಡೆ, ದಿನಕ್ಕೆ ಐದು ಕಾಫಿ. ಮೂರು ಕೆ.ಜಿ. ಏರಿದಾಗ ಬನ್ನಿ. ಹದಿನೈದು ಏರುವ ತನಕ ನಾಚಿಕೊಂಡು ಮನೆಯಲ್ಲಿ ಕೂರಬೇಡಿ.

ಮೊದಲ ಸಲ ಬರುವಾಗ ಏನು ತರಬೇಕು?

ಹಳೆಯ ರಿಪೋರ್ಟು, ಈಗ ತಗೊಳ್ಳುವ ಮಾತ್ರೆಗಳು. ಜೊತೆಗೆ ಮನೆಯಲ್ಲಿ ಅಡುಗೆ ಮಾಡಿ ಬಡಿಸುವವರು ಬರಬೇಕು. ಹೆಂಡತಿಯೋ, ಅತ್ತೆಯೋ, ಅವ್ವನೋ, ಅವರು ಬರದಿದ್ದರೆ ನಾನು ಇನ್ನೊಂದು ದಿನ ಕೊಡುತ್ತೇನೆ. ಬರುವಾಗ ಸಾರು ಬಡಿಸುವ ಸೌಟು, ನೀವು ದಿನಾ ಉಣ್ಣುವ ತಟ್ಟೆ, ಬಟ್ಟಲು ತನ್ನಿ. ನಗಬೇಡಿ. ಆ ಸೌಟಿಗೆ ಎಷ್ಟು ಮಿ.ಲೀ. ಹಿಡಿಯುತ್ತದೆ ಅಂತ ಇಲ್ಲೇ ನೀರು ಹಾಕಿ ಅಳೆಯುತ್ತೇವೆ. ಪಾಂಡವಪುರದ ಆ ಅತ್ತೆಯ ಸೌಟಿಗೆ 120 ಹಿಡಿದಿತ್ತು.